ದಶಮಾಂಶ ತಪ್ಪಿಸದ ಮಗ, ಮಾತ್ರೆಗೆ ಕಾಯುವ ತಾಯಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಪುಣೆಯ ಪಿಂಪ್ರಿ ಕಡೆಯ ಕನ್ನಡ ಕ್ರೈಸ್ತ ಸಭೆಯ (ಚರ್ಚಿನ) ವಿಧವೆ, ವಯಸ್ಸು 71, ಮೂಲ ಬೀದರ್ ಕಡೆ. ಫ್ಯಾಮಿಲಿ ಪೆನ್ಷನ್ನಿನ ಎಟಿಎಂ ಕಾರ್ಡು ಮಗನ ಹತ್ತಿರ. ಮನೆಯನ್ನೂ ದಾನಪತ್ರ ಮಾಡಿಸಿಕೊಂಡಿದ್ದಾನೆ. ಬಿಪಿ ಮಾತ್ರೆ ತಿಂಗಳಿಗೆ ಒಂದೇ ಪಟ್ಟಿ. ಹತ್ತು ಮುಗಿದರೆ ಮುಂದಿನ ತಿಂಗಳವರೆಗೆ ಬರಿಗೈ. ಮಗ ಸಭೆಯ ಕಮಿಟಿ ಸದಸ್ಯ, ದಶಮಾಂಶ (ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆ) ಒಮ್ಮೆಯೂ ತಪ್ಪಿಸಿಲ್ಲ. ಆಕೆ ಕೇಳಿದ್ದು:

"ಮಗನ ಮ್ಯಾಲ ಅರ್ಜಿ ಹಾಕಿದ್ರ ದೇವರು ಮೆಚ್ತಾನೇನ್ರಿ?"

ಕಾನೂನಿಗಿಂತ ಮೊದಲು ಉತ್ತರ ಬೇಕಾದದ್ದು ಇದಕ್ಕೆ. ದೇವರಿಗೆ ಮುಡಿಪಿಟ್ಟೆ ಎಂದು ಹೇಳಿ ತಂದೆತಾಯಿಗೆ ಸಲ್ಲಬೇಕಾದದ್ದನ್ನು ತಪ್ಪಿಸುವವರನ್ನು ಯೇಸುಸ್ವಾಮಿ ಬೈಬಲಿನ ಮಾರ್ಕ 7ರಲ್ಲಿ ಖಂಡಿಸಿದ್ದಾರೆ. ಲೂಕ 18ರ ವಿಧವೆ ನ್ಯಾಯಾಧಿಪತಿಯನ್ನು ಬಿಡದೆ ಕಾಡಿದಳು. ಅದನ್ನು ತಪ್ಪೆಂದು ಯಾರೂ ಹೇಳಲಿಲ್ಲ. ಸಭಾಪಾಲಕರು 1 ಕೊರಿಂಥ 6 ಮುಂದಿಟ್ಟರು. ವಿಶ್ವಾಸಿಗಳ ವ್ಯಾಜ್ಯ ಸಭೆಯೊಳಗೇ ತೀರಲಿ ಎನ್ನುತ್ತಾನೆ ಪೌಲ, ನಿಜ. ಹಾಗಾದರೆ ಸಭೆ ತೀರಿಸಿಕೊಡಬೇಕಿತ್ತು! ಅದನ್ನು ಮಾಡದೆ ವಿಧವೆಯ ಬಾಯಿ ಮುಚ್ಚಿಸಲು ಆ ಅಧ್ಯಾಯ ಎತ್ತುವುದು ನ್ಯಾಯವಲ್ಲ.

ನಾನು ಆಕೆಗೆ ಹೇಳಿದ್ದು ಇಷ್ಟು: ಬ್ಯಾಂಕು ಮೊದಲು, ಅರ್ಜಿ ಆಮೇಲೆ. ಶಾಖೆಗೆ ಆಕೆಯೇ ಹೋಗಿ ಖಾತೆಯ ಮೊಬೈಲ್ ನಂಬರ್ ಬದಲಿಸಿ, ನಂತರ ಹಳೆಯ ಕಾರ್ಡು ನಿಲ್ಲಿಸಲಿ. ಕ್ರಮ ತಿರುವುಮುರುವಾದರೆ ಎಸ್‌ಎಂಎಸ್ ನೇರ ಮಗನ ಫೋನಿಗೆ ಹೋಗುತ್ತದೆ, ಆ ರಾತ್ರಿ ಆಕೆ ಮನೆಯಲ್ಲಿರುವುದು ಕಷ್ಟ. ಸಭೆಯ ಒಂದು ಕುಟುಂಬ ಕೋಣೆ ಕೊಡಲು ಮೊದಲೇ ಒಪ್ಪಿರಬೇಕು.

ಬಳಿಕ 2007ರ ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ಪ್ರಾಂತ ಅಧಿಕಾರಿಯ (ಉಪವಿಭಾಗಾಧಿಕಾರಿಯ) ನ್ಯಾಯಮಂಡಳಿಗೆ ಅರ್ಜಿ. ಜೀವನಾಂಶ ತಿಂಗಳಿಗೆ ಗರಿಷ್ಠ 10,000 ರೂಪಾಯಿ, ತೀರ್ಮಾನಕ್ಕೆ 90 ದಿನದ ಗಡುವು. ಮನೆ ಮರಳಿ ಪಡೆಯುವುದು ಇಷ್ಟು ಸಲೀಸಲ್ಲ. ಸೆಕ್ಷನ್ 23ರಲ್ಲಿ ದಾನಪತ್ರ ರದ್ದಾಗಲು, ನೋಡಿಕೊಳ್ಳಬೇಕೆಂಬ ಷರತ್ತು ಇತ್ತೆಂದು ತೋರಿಸಬೇಕು. 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಆದ್ದರಿಂದ ಉಪನೋಂದಣಿ ಕಚೇರಿಯಿಂದ ದೃಢೀಕೃತ ಪ್ರತಿ ತರಿಸಿ, ಸಾಲು ಸಾಲು ಓದಿಸಿ. ಮಗ ಬೇರೆ ಹಾಳೆಯಲ್ಲಿ ಮಾತು ಬರೆದುಕೊಟ್ಟಿದ್ದರೆ ಅದನ್ನೂ ಹುಡುಕಿ. ಗೊಂದಲವಾದರೆ ಹಿರಿಯರ ಸಹಾಯವಾಣಿ 14567.

ಸಭೆಗೆ ಹೇಳಿದ್ದು: ವಿಚಾರಣೆ ಮುಗಿಯುವತನಕ ಮಗ ಕಮಿಟಿಯಿಂದ ಹೊರಗಿರಲಿ. ತಾಯಿ-ಮಗನನ್ನು ಒಟ್ಟಿಗೆ ಕೂರಿಸಿ ಪ್ರಾರ್ಥನೆ ಮಾಡಿಸಬೇಡಿ. ಅವನೆದುರು ಆಕೆ "ಏನಿಲ್ರಿ, ಎಲ್ಲಾ ಛಲೋ ಐತಿ" ಅಂದೇ ಅನ್ನುತ್ತಾಳೆ. ಅರ್ಜಿ ಹಿಂತೆಗೆದರೆ ಮಾತ್ರ ರಾಜಿ ಎಂದು ಅವನು ಹೇಳಿದರೆ ಒಪ್ಪಬೇಡಿ. ರಾಜಿಯಾಗುವುದಾದರೆ ನ್ಯಾಯಮಂಡಳಿ ನೇಮಿಸುವ ಸಂಧಾನಾಧಿಕಾರಿಯ ಮುಂದೆ ಆಗಲಿ. ಆಗ ಅದು ಆದೇಶವಾಗಿ ಹೊರಬೀಳುತ್ತದೆ, ಮಗ ತಪ್ಪಿದರೆ ವಸೂಲಿಗೂ ದಾರಿಯಿರುತ್ತದೆ.