ಕ್ಲೀನ್ ಟೆಕ್ನಾಲಜಿ ಕ್ಲಸ್ಟರ್‌ನಿಂದ ನಮ್ಮಂಥ ಊರುಗಳಿಗೆ ಉಪಯೋಗ ಇದೆಯಾ?

ಬೆಳೆಯುತ್ತಿರುವ ದೇಶಗಳಲ್ಲಿ ಕ್ಲೀನ್ ಟೆಕ್ನಾಲಜಿ ಕ್ಲಸ್ಟರ್ ಮಾಡಿದರೆ ಸಣ್ಣ ಊರುಗಳು ನಿಜವಾಗಿ ಉದ್ಧಾರ ಆಗುತ್ತವಾ, ಇಲ್ಲ ಸಬ್ಸಿಡಿಗೆ ಶೆಡ್ ಕಟ್ಟೋದಷ್ಟೇನಾ ಅಂತ ಕೇಳಿದ್ದೀರಿ. ಇಂಥ ಕ್ಲಸ್ಟರ್ ಅಂದರೆ ಒಂದೇ ಕಸುಬಿನವರು ಒಂದೆಡೆ ಸೇರಿ, ಹೊಗೆ, ಇಂಧನ ಕಮ್ಮಿ ಮಾಡುವ ತಂತ್ರಜ್ಞಾನವನ್ನು ಒಟ್ಟಾಗಿ ಬಳಸುವುದು. ನಾನು ದಾವಣಗೆರೆಯವನು, ಫ್ಯಾಬ್ರಿಕೇಶನ್ ಕೆಲಸ ಮಾಡುತ್ತೇನೆ. ಉಪಯೋಗ ಇದೆ. ಆದರೆ ಖಾಲಿ ಸೈಟಿನಲ್ಲಿ ಬೋರ್ಡ್ ನೆಟ್ಟರೆ ಅಲ್ಲ. ಒಂದೇ ಕಸುಬಿನವರು ಆಗಲೇ ಒಟ್ಟಿಗಿದ್ದು, ಎಲ್ಲರ ತಲೆನೋವೂ ಒಂದೇ ಆಗಿರಬೇಕು.

ನಮ್ಮೂರಿನ ಮಂಡಕ್ಕಿ ಭಟ್ಟಿಗಳನ್ನೇ ನೋಡಿ. ಕಾದ ಮರಳಿಗೆ ಅಕ್ಕಿ ಹಾಕಿ ಹುರಿಯಬೇಕು, ಹಾಗಾಗಿ ದಿನವೆಲ್ಲಾ ಬೆಂಕಿ ಬೇಕು. ಭತ್ತದ ಹೊಟ್ಟು ಉರಿಸುತ್ತಾರೆ. ಹಳೇ ಟೈರ್ ಸುಟ್ಟು ಸುತ್ತಲಿನ ಮನೆಗಳಿಗೆಲ್ಲಾ ಮಸಿ ಹಿಡಿಸಿದ್ದೂ ಇದೆ. ಶಾಖದಲ್ಲಿ ಒಳ್ಳೇ ಪಾಲು ಹೊಗೆ ಜೊತೆ ಮೇಲೆ ಹೋಗುತ್ತದೆ. ಒಬ್ಬನೇ ಹೊಸ ಒಲೆ ಡಿಸೈನ್ ಮಾಡಿಸಲು ಹೋದರೆ ಗಿಟ್ಟುವುದಿಲ್ಲ. ಎಲ್ಲರೂ ಸೇರಿದರೆ ಖರ್ಚು ಹಂಚಿಹೋಗುತ್ತದೆ, ರಿಪೇರಿಗೆ ಊರಲ್ಲೇ ಜನ ತಯಾರಾಗುತ್ತಾರೆ. (ನನಗೂ ಕೆಲಸ ಸಿಗುತ್ತದೆ ಅನ್ನಿ!)

ಉತ್ತರ ಪ್ರದೇಶದ ಫಿರೋಜಾಬಾದಿನಲ್ಲಿ ಹೀಗೇ ಆಯಿತು. ಅಲ್ಲಿನವರದು ಗಾಜಿನ ಬಳೆ ಕಸುಬು. ತಾಜ್ ಮಹಲ್ ಸುತ್ತಿನ ಪ್ರದೇಶದಲ್ಲಿ ಕಲ್ಲಿದ್ದಲು ಬಿಡಿ ಎಂದು 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪೈಪಿನಲ್ಲಿ ಗ್ಯಾಸ್ ಬಂತು. ಇಂಧನದ ಬಗ್ಗೆ ಸಂಶೋಧನೆ ಮಾಡುವ ಟೆರಿ ಸಂಸ್ಥೆ ಸ್ವಿಟ್ಜರ್ಲೆಂಡ್ ನೆರವಿನಿಂದ ಹೊಸ ಕುಲುಮೆ ಮಾಡಿತು. ಹೊರಗೆ ಹೋಗುವ ಬಿಸಿ ಹೊಗೆಯಿಂದಲೇ ಒಳಬರುವ ಗಾಳಿ ಕಾಯಿಸುವ ಏರ್ಪಾಡು ಅದರಲ್ಲಿತ್ತು. ಗ್ಯಾಸ್ ಬಿಲ್ ಇಳಿದದ್ದು ಕಂಡ ಮೇಲೆ ಅಕ್ಕಪಕ್ಕದವರೂ ಅದನ್ನೇ ಕಟ್ಟಿಸಿಕೊಂಡರು. ಭಾಷಣದಿಂದ ಇದೆಲ್ಲಾ ಆಗಲ್ಲ.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿ ಫ್ಯಾನುಗಳಿವೆಯಲ್ಲಾ, ಅದು ಕ್ಲಸ್ಟರ್ ಅಲ್ವಾ ಅಂತ ಕೇಳಬಹುದು. ಫ್ಯಾನು ಸಾಲಾಗಿ ನಿಂತರೆ ಸಾಲದು. ಗೇರ್‌ಬಾಕ್ಸ್, ರೆಕ್ಕೆ ರಿಪೇರಿ ಮಾಡುವ ಅಂಗಡಿ, ಐಟಿಐ ಹುಡುಗರಿಗೆ ತರಬೇತಿ, ಎಲ್ಲಾ ಸುತ್ತಮುತ್ತ ಬೆಳೆಯಬೇಕು.

ದುಡ್ಡಿನ ವಿಷಯ. ಕೇಂದ್ರ ಸರ್ಕಾರದ ಎಂಎಸ್‌ಇ-ಸಿಡಿಪಿ (ಸಣ್ಣ ಉದ್ಯಮಗಳ ಕ್ಲಸ್ಟರ್ ಬೆಳೆಸುವ) ಯೋಜನೆಯಲ್ಲಿ ಎಲ್ಲರೂ ಸೇರಿ ಬಳಸುವ ಸೌಲಭ್ಯ ಕೇಂದ್ರಕ್ಕೆ ಅನುದಾನ ಸಿಗುತ್ತದೆ. ಉದ್ಯಮದವರೇ ಸೇರಿ ಎಸ್‌ಪಿವಿ, ಅಂದರೆ ಈ ಕೆಲಸಕ್ಕೆಂದೇ ಒಂದು ಸಂಸ್ಥೆ, ಮಾಡಿ ತಮ್ಮ ಪಾಲು ಹಾಕಬೇಕು. ಕಟ್ಟಡ, ಮೆಷಿನ್ ಹೇಗೋ ಬರುತ್ತವೆ. ಆಮೇಲೆ ತಿಂಗಳಾ ಕರೆಂಟ್ ಬಿಲ್, ಆಪರೇಟರ್ ಸಂಬಳ ಯಾರು ಕೊಡುತ್ತಾರೆ? ಭಟ್ಟಿಯವರ ಲಾಭ ತೀರಾ ಕಮ್ಮಿ. ಅದಕ್ಕೇ ನಾನಾದರೆ ಮೊದಲು ಎರಡು ಮೂರು ಭಟ್ಟಿಯಲ್ಲಿ ಹೊಸ ಒಲೆ ಹಾಕಿಸಿ, ಚೀಲಕ್ಕೆ ಎಷ್ಟು ಹೊಟ್ಟು ಉಳಿಯಿತು ಅಂತ ಅವರ ಕೈಯಲ್ಲೇ ತೂಗಿಸುತ್ತೇನೆ. ಕಟ್ಟಡದ ಮಾತು ಆಮೇಲೆ.