ಕಂಪ್ಯೂಟರ್ ಬಂದರೆ ಲೆಕ್ಕ ಸರಿಯಾಗುತ್ತಾ?

ಗೋಣಿಕೊಪ್ಪದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ವಿಶ್ವವಿದ್ಯಾಲಯಗಳ ಲೆಕ್ಕಪತ್ರ ಪೂರ್ತಿ ಡಿಜಿಟಲ್ ಆಗಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮ ಕೊಡಗು ವಿಶ್ವವಿದ್ಯಾಲಯದಂಥ ಚಿಕ್ಕ ಸಂಸ್ಥೆಗೆ ಇದು ಸುಮ್ನೆ ಖರ್ಚಲ್ವಾ? ಪುಸ್ತಕದಲ್ಲಿ ಸುಳ್ಳು ಲೆಕ್ಕ ಬರೆಯುವವರು ಕಂಪ್ಯೂಟರಲ್ಲೂ ಬರೆಯುತ್ತಾರೆ."

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಕೊನೆಯ ಮಾತು ನಿಜ. ಕೆಲವು ವರ್ಷ ನಾನೊಂದು ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದೆ. ಅಲ್ಲಿ ಬಿಲ್ ತಯಾರಿಸುವವರು ಒಬ್ಬರು, ಪಾಸು ಮಾಡುವವರು ಇನ್ನೊಬ್ಬರು. ಒಂದು ದಿನ ಲೆಕ್ಕದ ವಿಭಾಗಕ್ಕೆ ಹೋದರೆ, ಪಾಸು ಮಾಡಬೇಕಾದವರ ಡಿಜಿಟಲ್ ಸಹಿಯ ಕೀ ಗುಮಾಸ್ತರ ಡ್ರಾಯರಲ್ಲಿತ್ತು. ನೋಡಲು ಪೆನ್‌ಡ್ರೈವ್ ತರ. ಬೆನ್ನಿಗೆ ಬಿಳಿ ಪ್ಲಾಸ್ಟರ್ ಅಂಟಿಸಿ ಪಿನ್ ನಂಬರ್ ಬರೆದಿದ್ದರು. "ಸಾಹೇಬರು ಮೀಟಿಂಗಿಗೆ ಹೋದರೆ ಬಿಲ್ ನಿಲ್ಲಬಾರದಲ್ಲ ಸಾರ್" ಅಂದರು. ಯಾರೂ ಹಣ ತಿಂದಿರಲಿಲ್ಲ. ಆದರೆ ಇಬ್ಬರು ನೋಡಬೇಕಾದ ಬಿಲ್ಲನ್ನು ಒಬ್ಬರೇ ನೋಡುತ್ತಿದ್ದರು. ಮಂಡಳಿಯಲ್ಲಿ ಆ ವಿಷಯ ನಾನು ಎತ್ತಬೇಕಿತ್ತು. ಎತ್ತಲಿಲ್ಲ. ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಹಾಗಿದ್ದೂ ಡಿಜಿಟಲ್ ಬೇಕು ಅನ್ನುತ್ತೇನೆ. ಕಾಗದದ ಮೇಲೆ ಹಿಂದಿನ ತಾರೀಕು ಹಾಕಿದರೆ ಹಿಡಿಯುವುದು ಕಷ್ಟ. ಸರಿಯಾಗಿ ಕಟ್ಟಿದ ತಂತ್ರಾಂಶದಲ್ಲಿ ಯಾವ ಬಿಲ್ ಯಾರ ಹೆಸರಲ್ಲಿ ಎಷ್ಟು ಗಂಟೆಗೆ ಪಾಸಾಯಿತು ಅನ್ನುವುದು ಉಳಿಯುತ್ತದೆ. ಸಾಹೇಬರು ಬೆಂಗಳೂರಲ್ಲಿದ್ದ ದಿನ ಇಲ್ಲಿನ ಕಂಪ್ಯೂಟರಿಂದ ಅವರ ಸಹಿ ಬಿದ್ದಿದ್ದರೆ ಆಡಿಟ್‌ನವರು ಕೇಳಬಹುದು.

ರಾಜ್ಯದ ಬಿಲ್ಲುಗಳು ಈಗಾಗಲೇ ಸರ್ಕಾರಿ ಖಜಾನೆಯ ಆನ್‌ಲೈನ್ ವ್ಯವಸ್ಥೆಯಾದ ಖಜಾನೆ-2ರಲ್ಲಿ ಹೋಗುತ್ತವೆ. ಕೇಂದ್ರದ ಯೋಜನೆಗಳ ಹಣಕ್ಕೆ ಪಿಎಫ್‌ಎಂಎಸ್ ಅನ್ನುವ ಕೇಂದ್ರ ಸರ್ಕಾರದ ತಂತ್ರಾಂಶ ಇದೆ, ಪ್ರವೇಶ ಮತ್ತು ಪರೀಕ್ಷೆಗೆ ಯುಯುಸಿಎಂಎಸ್ ಅನ್ನುವ ರಾಜ್ಯದ ತಂತ್ರಾಂಶ ಇದೆ. ಈ ಅಂಕಿಗಳು ಸಂಸ್ಥೆಯ ಸ್ವಂತ ನಗದು ಪುಸ್ತಕಕ್ಕೆ ತಾವಾಗಿ ಬಾರದಿದ್ದರೆ ಗುಮಾಸ್ತರು ಒಂದೇ ಲೆಕ್ಕವನ್ನು ಮೂರು ಸಲ ಟೈಪ್ ಮಾಡಬೇಕು. ತಪ್ಪು ನುಸುಳುವುದು ಅಲ್ಲೇ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದಿದೆ. ನಮ್ಮ ಕಾಫಿ ತೋಟಗಳಲ್ಲಿ ಲೆಕ್ಕ ಬರೆಯುವ ರೈಟರ್ ಸಂಜೆ ಚೆಕ್‌ರೋಲ್ ಬರೆಯುತ್ತಾರಲ್ಲ: ಎಷ್ಟು ಆಳು, ಯಾವ ಕೆಲಸ, ತೋಟದ ಯಾವ ಬ್ಲಾಕು. ರೋಬಸ್ಟಾ ಕಾಫಿಗೆ ಹೂವು ಬರಲೆಂದು ಸ್ಪ್ರಿಂಕ್ಲರ್ ಹಾಕಿದರೆ ಡೀಸೆಲ್ ಖರ್ಚು ಆ ಬ್ಲಾಕಿನ ಹೆಸರಿಗೇ ಬೀಳುತ್ತದೆ. ಯಾವ ಬ್ಲಾಕು ಎಷ್ಟು ತಿಂತು, ಎಷ್ಟು ಕೊಟ್ಟಿತು ಅಂತ ವರ್ಷದ ಕೊನೆಗೆ ಹೇಳಬಹುದು. ವಿಶ್ವವಿದ್ಯಾಲಯದಲ್ಲಿ ಸಂಬಳ, ಕರೆಂಟು, ದುರಸ್ತಿ ಅಂತ ಮಾತ್ರ ಬರೆದ ಪುಸ್ತಕ ಹಾಗೆ ಹೇಳಲಾರದು. ಒಂದು ಎಂಎಸ್ಸಿ ಕೋರ್ಸಲ್ಲಿ ಒಬ್ಬ ವಿದ್ಯಾರ್ಥಿಗೆ ಎಷ್ಟು ಖರ್ಚು ಅಂತ ಕೇಳಿದರೆ ಉತ್ತರವೇ ಇರುವುದಿಲ್ಲ. ಪ್ರತಿ ಬಿಲ್ಲಿಗೂ ವಿಭಾಗದ ಕೋಡ್ ಹಾಕುತ್ತಾ ಬಂದರೆ ಆ ಉತ್ತರ ಸಿಗುತ್ತದೆ.

ಚಿಕ್ಕ ಅಳುವಾರ ಊರಲ್ಲಿರುವ ನಮ್ಮ ಕೊಡಗು ವಿಶ್ವವಿದ್ಯಾಲಯಕ್ಕೆ ಆ ಉತ್ತರ ಜಾಸ್ತಿಯೇ ಬೇಕು. ಮಂಗಳೂರು ವಿಶ್ವವಿದ್ಯಾಲಯದಿಂದ ಬೇರೆಯಾಗಿ ಇನ್ನೂ ಹೆಚ್ಚು ವರ್ಷ ಆಗಿಲ್ಲ. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂತು. ಹಳ್ಳಿಯ ಹೆಣ್ಣುಮಕ್ಕಳು ಓದಲು ಘಟ್ಟ ಇಳಿದು ಹೋಗಲಾರರು ಅನ್ನುವುದು ಮುಚ್ಚಬಾರದು ಅನ್ನಲು ಗಟ್ಟಿ ಕಾರಣವೇ. ಅದರ ಜೊತೆಗೆ ಕೋರ್ಸುವಾರು ಲೆಕ್ಕವೂ ಕೈಲಿದ್ದರೆ ಯಾವ ಸಚಿವರ ಮುಂದೆಯೂ ಕೂತು ಮಾತಾಡಬಹುದು. ಹಾಗಾಗಿ ಇದನ್ನು ದಂಡದ ಖರ್ಚು ಅನ್ನಲು ನನಗೆ ಮನಸ್ಸಿಲ್ಲ. ಚಿಕ್ಕ ಸಂಸ್ಥೆಯಲ್ಲಿ ಶುರು ಮಾಡುವುದೂ ಸುಲಭ, ದಶಕಗಳ ರಿಜಿಸ್ಟರ್ ತಿರುವಿ ಹಾಕಬೇಕಿಲ್ಲ.

ಜುಲೈ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಊರು ನಮ್ಮದು. ಅಂಥ ದಿನಕ್ಕೆ ನಂಬರ್ ಹಾಕಿದ ರಸೀದಿ ಪುಸ್ತಕ ಇರಲೇಬೇಕು. ಸರ್ವರ್ ಸಿಗದೆ ಶುಲ್ಕ ಕಟ್ಟಲಾಗದ ದಿನದ ದಂಡವನ್ನು ಮಕ್ಕಳ ಮೇಲೆ ಹೇರಬಾರದು.

ಇನ್ನು ಹಣಕಾಸು ಸಮಿತಿ. ಸೆಮಿನಾರಿಗೆ ತೆಗೆದ ಮುಂಗಡ ಇನ್ನೂ ಯಾರ ಹೆಸರಲ್ಲಿ ಬಾಕಿ ಇದೆ ಅನ್ನುವ ಪಟ್ಟಿ ಪ್ರತಿ ತಿಂಗಳೂ ಸದಸ್ಯರ ಮೇಜಿಗೆ ಬರಬೇಕು. ಎರಡು ವರ್ಷ ಬಿಟ್ಟು ಆಡಿಟ್ ಆಕ್ಷೇಪಣೆಯಲ್ಲಿ ಓದಿದರೆ ಏನು ಪ್ರಯೋಜನ?

ಮೇಷ್ಟ್ರೇ, 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಒಂದು ಅರ್ಜಿ ಹಾಕಿ. ಕಳೆದ ವರ್ಷದ ಲೆಕ್ಕಪತ್ರ, ಆಡಿಟ್ ವರದಿ ಎರಡನ್ನೂ ಕೇಳಿ. ಸಿಕ್ಕಿದ ಮೇಲೆ ಮಡಿಕೇರಿಗೆ ಬನ್ನಿ, ಇಬ್ಬರೂ ಕೂತು ಓದೋಣ.

- ಸಂಪಾದಕ