ಹಾಲು ಬಿಡಿಸುವ ವಯಸ್ಸು: ಒಂದು ನೇಕಾರ ಮನೆಯ ಪ್ರಕರಣ

ಮಗುವಿಗೆ ಎಷ್ಟು ವರ್ಷದವರೆಗೆ ಎದೆಹಾಲು ಕುಡಿಸಬೇಕು ಎಂಬ ಪ್ರಶ್ನೆಯನ್ನು ಹಿಡಿದು ಬಾಗಲಕೋಟೆಯ ನಮ್ಮ ಆಪ್ತಸಲಹಾ ಕೊಠಡಿಗೆ ಬರುವ ಕುಟುಂಬಗಳು ಕಡಿಮೆಯೇನಿಲ್ಲ. ಕೆಲವರು ವರ್ಷ ತುಂಬುತ್ತಲೇ ಬಿಡಿಸು ಎಂದು ಸೊಸೆಯ ಬೆನ್ನು ಹತ್ತಿರುತ್ತಾರೆ. ಇನ್ನು ಕೆಲವರು, ಮೂರು ವರ್ಷವಾದರೂ ಕುಡಿಸದವಳು ಎಂಥ ತಾಯಿ ಎಂದು ಹಂಗಿಸುತ್ತಾರೆ. ಇಂಥ ಪ್ರಕರಣಗಳಲ್ಲಿ ಒಂದನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಆ ತಾಯಿಯ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ.

ರಬಕವಿ–ಬನಹಟ್ಟಿ ಕಡೆಯ ನೇಕಾರ ಮನೆ. ಮಗನಿಗೆ 2 ವರ್ಷ 4 ತಿಂಗಳು. ಹುಡುಗ ಊಟಕ್ಕೆ ಕುಳಿತರೆ ಎರಡು ತುತ್ತಿಗೆ ಎದ್ದು ತಾಯಿಯ ಸೆರಗು ಹಿಡಿಯುತ್ತಾನೆ ಎಂಬುದು ಅತ್ತೆಯ ದೂರು. ವರ್ಷ ಕಳೆದ ಮೇಲೆ ಹಾಲಿನಲ್ಲಿ ಕಸುವು ಉಳಿಯುವುದಿಲ್ಲ, ಬೇವಿನೆಲೆ ಅರೆದು ಹಚ್ಚಿದರೆ ಒಂದೇ ರಾತ್ರಿಗೆ ಮುಗಿಯುತ್ತದೆ ಎಂಬುದು ಅವರ ನಿಲುವು. ಒಂದು ವರ್ಷ ಕುಡಿಸಿದರೆ ಸಾಕು ಎಂದು ಯಾರೋ ವೈದ್ಯರು ಹೇಳಿದ್ದನ್ನು ಗಂಡ ಮುಂದೆ ಮಾಡುತ್ತಿದ್ದ. ಸೊಸೆಯ ತವರಿನಲ್ಲಿ ನಾಲ್ಕು ವರ್ಷದವರೆಗೆ ಕುಡಿಸಿದ ರೂಢಿಯಿತ್ತು, ಅದನ್ನೇ ಆಕೆ ಬಿಗಿಯಾಗಿ ಹಿಡಿದಿದ್ದಳು.

ಮೊದಲ ಭೇಟಿಯಲ್ಲಿ ಅವರಿಗೆ ಬೇಕಾಗಿದ್ದುದು ತೀರ್ಪು. ಗೊತ್ತಿರುವುದನ್ನು ಗೊತ್ತಿರುವಂತೆಯೇ ಹೇಳಿದೆ. ಮೊದಲ 6 ತಿಂಗಳು ಎದೆಹಾಲು ಮಾತ್ರ, ಆಮೇಲೆ ಮೇಲೂಟದ ಜೊತೆಗೆ 2 ವರ್ಷದವರೆಗೆ ಅಥವಾ ಅದಕ್ಕೂ ಮುಂದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಂತಿಷ್ಟು ವಯಸ್ಸಿಗೆ ನಿಲ್ಲಿಸಲೇಬೇಕು ಎಂಬ ಮೇಲಿನ ಗೆರೆಯನ್ನು ಅದು ಎಳೆದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘವು ಹಿಂದೆ ಒಂದು ವರ್ಷ ಅಥವಾ ತಾಯಿ-ಮಗು ಬಯಸುವಷ್ಟು ಕಾಲ ಎನ್ನುತ್ತಿತ್ತು, 2022ರಲ್ಲಿ ತಾನೂ 2 ವರ್ಷ ಮತ್ತು ಅದಕ್ಕೂ ಮುಂದೆ ಕುಡಿಸುವುದನ್ನು ಬೆಂಬಲಿಸಿತು. ವೈದ್ಯರ ಬಾಯಲ್ಲಿ ಬೇರೆ ಬೇರೆ ಲೆಕ್ಕ ಕೇಳಿಬರುವುದಕ್ಕೆ ಇಂಥ ಬದಲಾವಣೆಗಳೂ ಒಂದು ಕಾರಣ. ಹಾಲಿನಲ್ಲಿ ಕಸುವು ಉಳಿಯುವುದಿಲ್ಲ ಎಂಬುದಂತೂ ನಿಜವಲ್ಲ: ಎರಡನೆಯ ವರ್ಷದಲ್ಲಿಯೂ ಮಗುವಿಗೆ ಬೇಕಾದ ಶಕ್ತಿಯ ಸುಮಾರು ಮೂರನೆಯ ಒಂದು ಭಾಗ ಎದೆಹಾಲಿನಿಂದ ಸಿಗಬಲ್ಲದು. ಹಾಗೆಂದು ಅತ್ತೆಯ ಆತಂಕವನ್ನು ತಳ್ಳಿಹಾಕುವಂತಿರಲಿಲ್ಲ. ತಾಯಿ ಕಾರ್ಡಿನಲ್ಲಿ ಹುಡುಗನ ತೂಕದ ಗೆರೆ ಕೆಲವು ತಿಂಗಳಿಂದ ಮೇಲೇರಿರಲಿಲ್ಲ. ಎದೆಹಾಲಿನಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ. ಹಾಲಿನಿಂದಲೇ ಹೊಟ್ಟೆ ತುಂಬಿಸಿಕೊಂಡು ಊಟ ಬಿಡುವ ಮಗುವಿಗೆ ರಕ್ತಹೀನತೆ ಬರುವ ಭಯವಿದೆ.

ಎರಡನೆಯ ಭೇಟಿಗೆ ಸೊಸೆಯೊಬ್ಬಳನ್ನೇ ಕೂರಿಸಿಕೊಂಡೆ. ಎಷ್ಟು ವರ್ಷ ಎಂಬ ಮಾತನ್ನೇ ಎತ್ತದೆ, ಮಗು ಯಾವ ಯಾವ ಹೊತ್ತಿಗೆ ಹಾಲು ಕುಡಿಯುತ್ತದೆ, ಆಗ ಮನೆಯಲ್ಲಿ ಏನು ನಡೆದಿರುತ್ತದೆ ಎಂದು ಕೇಳುತ್ತಾ ಹೋದೆ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುವುದು, ನೀರು ತುಂಬುವುದು, ಮಗ್ಗ ಸುರುವಾದರೆ ನೂಲಿನ ಕಂಡಿಕೆ ಸುತ್ತುವುದು, ನಡುವೆ ಬಂದವರಿಗೆ ಚಹಾ. ಕಂಡಿಕೆಯ ಕೆಲಸ ಹೆಚ್ಚಾದ ಹೊತ್ತಿನಲ್ಲಿಯೇ ಹಾಲು ಕುಡಿಸುವುದೂ ಹೆಚ್ಚು ಎಂಬುದು ಆಕೆಯ ಮಾತಿನಿಂದಲೇ ತಿಳಿಯುತ್ತಿತ್ತು. ಆ ಹೊತ್ತಿಗೆ ಅವನಿಗೆ ಅಷ್ಟು ಹಸಿವಾಗುತ್ತದೆಯೇ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: “ಅಂವ ಕೇಳದಿದ್ರೂ ನಾನಽ ಕರದು ಕುಡಸ್ತೀನ್ರಿ. ಕೂಸಿಗೆ ಹಾಲ ಕುಡಸಾಕತ್ತೀನಿ ಅಂದ್ರ ಯಾರೂ ಎದ್ದ ಬಾ ಅನ್ನೂದಿಲ್ಲ. ಹಾಲ ಬಿಡಿಸಿದ ಮ್ಯಾಲ ನಾ ಯಾವಾಗ ಕುಂದರಲ್ರಿ?”

ಇದನ್ನು ಕೇಳಿದ ಮೇಲೆ ವಯಸ್ಸಿನ ಲೆಕ್ಕವನ್ನು ಮುಂದುವರಿಸುವುದರಲ್ಲಿ ಅರ್ಥವಿರಲಿಲ್ಲ. ಆ ಮನೆಯಲ್ಲಿ ಸೊಸೆಗೆ ಯಾರೂ ಪ್ರಶ್ನಿಸದೆ ಕೊಡುತ್ತಿದ್ದ ವಿಶ್ರಾಂತಿ ಅದೊಂದೇ. ಅದನ್ನೇ ಕಿತ್ತುಕೊಳ್ಳಲು ದೊಡ್ಡವರು ಸೇರಿ ದಿನ ಗೊತ್ತು ಮಾಡುತ್ತಿದ್ದರು.

ಆದ್ದರಿಂದ ನಾನು ಕೊಟ್ಟ ಮೊದಲ ಸಲಹೆ ಹಾಲಿನ ಕುರಿತದ್ದಾಗಿರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಒಂದು ತಾಸು ಆಕೆಯನ್ನು ಯಾವ ಕೆಲಸಕ್ಕೂ ಕರೆಯಬಾರದು, ಆ ಹೊತ್ತು ಮಗು ಅಜ್ಜಿಯ ಹತ್ತಿರ ಇರಬೇಕು ಎಂದು, ಆಕೆಯ ಒಪ್ಪಿಗೆಯಿಂದ, ಅತ್ತೆ ಮತ್ತು ಗಂಡನ ಮುಂದೆ ಇಟ್ಟೆ. ಕೂಸಿನ ಮಾತು ಕೇಳಲು ಬಂದರೆ ಮನೆಗೆಲಸದ ಮಾತು ಯಾಕೆ ತೆಗೆಯುತ್ತೀರಿ ಎಂದು ಗಂಡ ಆಕ್ಷೇಪಿಸಿದ. ವೃತ್ತಿಯಲ್ಲಿರುವ ಒಬ್ಬಿಬ್ಬರು ಸಹ, ಎರಡು ವರ್ಷ ದಾಟಿದೆ, ನಿಧಾನವಾಗಿ ಬಿಡಿಸಿ ಎಂದು ಹೇಳಿ ಕಳುಹಿಸಬಹುದಿತ್ತಲ್ಲ ಎಂದಿದ್ದಾರೆ. ಹೇಳಬಹುದಿತ್ತು. ಆಗ ಆಕೆ ಇನ್ನೂ ಬಿಗಿಯಾಗಿ ಹಾಲನ್ನೇ ಹಿಡಿಯುತ್ತಿದ್ದಳು, ಇಲ್ಲವೇ ಸೋತು ಬಿಟ್ಟು ಒಳಗೊಳಗೇ ಕುಗ್ಗುತ್ತಿದ್ದಳು. ತಾಯಿಯ ಕೂರುವ ಹಕ್ಕು ಮಗುವಿನ ಬಾಯಿಗೆ ಕಟ್ಟಿಹಾಕಿದಂತಿದ್ದಾಗ, ಆ ಗಂಟನ್ನು ಬಿಚ್ಚದೆ ಹಾಲಿನ ಬಗ್ಗೆ ಯಾವ ನಿರ್ಧಾರ ತೆಗೆದುಕೊಂಡರೂ ಅದು ಆಕೆಯ ನಿರ್ಧಾರವಾಗುವುದಿಲ್ಲ ಎಂದು ನಾನು ಈಗಲೂ ನಂಬುತ್ತೇನೆ.

ಉಳಿದ ಸಲಹೆಗಳು ಸರಳವಾದವು. ಮೊದಲು ಊಟ, ಆಮೇಲೆ ಹಾಲು. ತಟ್ಟೆಯಲ್ಲಿ ಬೇಳೆಯಲ್ಲಿ ನೆನೆಸಿದ ಮೆತ್ತಗಿನ ರೊಟ್ಟಿ, ಸೊಪ್ಪು, ನುಣ್ಣಗೆ ಪುಡಿ ಮಾಡಿದ ಶೇಂಗಾ ಇರಲಿ, ಮೇಲೊಂದಿಷ್ಟು ಲಿಂಬೆರಸ ಹಿಂಡಿದರೆ ಕಬ್ಬಿಣದ ಅಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ತೂಕ ನಿಂತಿದ್ದರಿಂದ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಲು ಕಳುಹಿಸಿದೆ. ಬೇವು ಹಚ್ಚುವುದು ಬೇಡವೇ ಬೇಡ ಎಂದೆ: ಮಗು ಹೆದರುತ್ತದೆ, ತಾಯಿಯ ಎದೆ ಗಟ್ಟಿಯಾಗಿ ಬಾವು ಬರಬಹುದು, ಮನಸ್ಸೂ ಕುಸಿಯಬಹುದು. ಬಿಡಿಸುವ ಮನಸ್ಸು ಆಕೆಗೇ ಬಂದ ದಿನ ಒಂದೊಂದೇ ಹೊತ್ತಿನ ಹಾಲನ್ನು ಕೆಲವು ದಿನಗಳ ಅಂತರದಲ್ಲಿ ಕಡಿಮೆ ಮಾಡಬಹುದು. ನಡುವೆ ಎದೆ ಕೆಂಪಾಗಿ ಜ್ವರ ಬಂದರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು.

ಮುಂದಿನ ಭೇಟಿಯ ಹೊತ್ತಿಗೆ ಹಗಲಿನ ಹಾಲು ಬಹುತೇಕ ತಾನಾಗಿಯೇ ಕಡಿಮೆಯಾಗಿತ್ತು. ರಾತ್ರಿ ಮಲಗುವಾಗಿನದು ಉಳಿದಿತ್ತು. ಅದನ್ನೂ ನಿಲ್ಲಿಸಬೇಕೆಂದು ಅತ್ತೆ ಮತ್ತೆ ಕೇಳಿದರು. ಅದಿನ್ನು ತಾಯಿ-ಮಗನಿಗೆ ಬಿಟ್ಟದ್ದು, ಹುಡುಗನ ಹಲ್ಲುಗಳನ್ನು ಮಾತ್ರ ದಿನಾ ಉಜ್ಜಿಸಿರಿ ಎಂದು ಹೇಳಿ ಕಳುಹಿಸಿದೆ. ಅವರಿಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ, ಆದರೆ ಮಧ್ಯಾಹ್ನದ ಆ ಒಂದು ತಾಸನ್ನು ನಡೆಸಿಕೊಂಡು ಬಂದಿದ್ದಾರೆ.